ಕೊಡಗಿನ ತೋಟದಲ್ಲಿ ಕಾಡುದ್ರಾಕ್ಷಿ: ಬಳ್ಳಿ ಗುರುತಿಸುವುದರಿಂದ ಬಾಟಲಿ ತುಂಬುವವರೆಗೆ

ಪ್ರತಿ ವರ್ಷ ಮಳೆ ಮುಗಿಯುವ ಹೊತ್ತಿಗೆ ಅದೇ ಮೂರು ದೂರುಗಳು. "ಕಾಡಂಚಿನಿಂದ ಬಳ್ಳಿ ಕಡ್ಡಿ ತಂದು ನೆಟ್ಟೆ, ಕೊಳೆತು ಹೋಯ್ತು." "ಚೆನ್ನಾಗಿ ಹಬ್ಬಿದ್ದ ಬಳ್ಳಿ ಡಿಸೆಂಬರ್‌ನಲ್ಲಿ ಒಣಗಿತು, ಸತ್ತಿದೆ ಅಂತ ಕಿತ್ತು ಹಾಕಿದೆ." "ಹಣ್ಣು ಬಾಯಿಗೆ ಹಾಕಿದ್ದೇ ತಡ, ಗಂಟಲೆಲ್ಲ ತುರಿಕೆ." ಮೂರಕ್ಕೂ ಕಾರಣ ಒಂದೇ. ಅಂಗಡಿಯ ದ್ರಾಕ್ಷಿಗೆ ಏನು ಮಾಡುತ್ತೇವೋ ಅದನ್ನೇ ಇದಕ್ಕೂ ಮಾಡುತ್ತಿದ್ದೇವೆ. ಈ ಬಳ್ಳಿ ಮಳೆಯಲ್ಲಿ ಏಳುತ್ತದೆ, ಬಿಸಿಲುಗಾಲದಲ್ಲಿ ಮಲಗುತ್ತದೆ. ಕೆಲಸವನ್ನೂ ಅದೇ ಲೆಕ್ಕದಲ್ಲಿ ಮಾಡಬೇಕು, ಅದೇ ಕ್ರಮದಲ್ಲಿ.

ಇಲ್ಲಿ ಕಾಡುದ್ರಾಕ್ಷಿ ಅಂತ ಹೇಳುತ್ತಿರುವುದು ದ್ರಾಕ್ಷಿ ಕುಟುಂಬದ ಆಂಪೆಲೊಸಿಸಸ್ ಗುಂಪಿನ ಬಳ್ಳಿಗಳನ್ನು. ಅದರಲ್ಲಿ ಎರಡು ಬಗೆ ಗೊತ್ತಿದ್ದರೆ ಸಾಕು. ಒಂದು ಆಂಪೆಲೊಸಿಸಸ್ ಲ್ಯಾಟಿಫೋಲಿಯಾ: ಅಗಲ ಎಲೆ, ಟೊಳ್ಳು ಕಾಂಡ, ನೆಲದಡಿ ಗೆಡ್ಡೆಯಂಥ ಬೇರು. ಇನ್ನೊಂದು ಆಂಪೆಲೊಸಿಸಸ್ ಇಂಡಿಕಾ: ಘಟ್ಟದ ತೇವದ ಕಾಡಿನದು, ಕಾಂಡ ಬಲಿತರೆ ಮರದಷ್ಟು ಗಟ್ಟಿ. ನಿಮ್ಮದು ಯಾವುದು ಅನ್ನೋದರ ಮೇಲೆ ಮುಂದಿನ ಕೆಲಸ ಸ್ವಲ್ಪ ಬದಲಾಗುತ್ತದೆ.

ಹಂತ 1: ಬಳ್ಳಿ ಗುರುತಿಸುವುದು

ಇಲ್ಲಿ ಆತುರ ಪಟ್ಟರೆ ಮಿಕ್ಕಿದ್ದೆಲ್ಲ ದಂಡ. ದಂಡ ಮಾತ್ರ ಅಲ್ಲ, ಜೀವಕ್ಕೇ ಅಪಾಯ. ಹಾಗಾಗಿ ಈ ಹಂತಕ್ಕೆ ಒಂದು ಪೂರ್ತಿ ಮಳೆಗಾಲ ಕೊಡಿ. ಎಲೆ ನೋಡಿ ಒಂದು ಸಲ, ಹೂ ನೋಡಿ ಒಂದು ಸಲ, ಹಣ್ಣು ನೋಡಿ ಇನ್ನೊಂದು ಸಲ. ಪ್ರತಿ ಸಲ ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಮೊದಲು ನೋಡಬೇಕಾದ್ದು ಎಲೆ ಅಲ್ಲ, ಕುಡಿಬಳ್ಳಿ. ಅಂದರೆ ಆಸರೆಗೆ ಸುತ್ತಿಕೊಳ್ಳುವ ಸುರುಳಿ ದಾರ. ದ್ರಾಕ್ಷಿ ಕುಟುಂಬದಲ್ಲಿ ಅದು ಎಲೆ ಹುಟ್ಟುವ ಗಿಣ್ಣಿನಲ್ಲೇ, ಆದರೆ ಎಲೆಯ ಎದುರು ಬದಿಯಿಂದ ಹೊರಡುತ್ತದೆ. ಒಂದು ಗಿಣ್ಣು ಹಿಡಿದು ತಿರುಗಿಸಿ ನೋಡಿ, ಎಲೆ ಈ ಕಡೆ ಇದ್ದರೆ ಕುಡಿ ಆ ಕಡೆ ಇರಬೇಕು. ಸೌತೆ, ಹೀರೆ ಕುಟುಂಬದ ಬಳ್ಳಿಗಳಲ್ಲಿ ಕುಡಿ ಎಲೆತೊಟ್ಟಿನ ಪಕ್ಕದಿಂದ ಬರುತ್ತದೆ. ಪ್ಯಾಶನ್ ಫ್ರೂಟ್‌ನಲ್ಲಿ ಎಲೆಯ ಕಂಕುಳಿನಿಂದ. ಈ ಒಂದು ವ್ಯತ್ಯಾಸ ಕಣ್ಣಿಗೆ ಕೂತರೆ ಅರ್ಧ ಗೊಂದಲ ಅಲ್ಲೇ ಮುಗಿಯಿತು.

ಎರಡನೆಯದು ಹೂಗೊಂಚಲು. ಆಂಪೆಲೊಸಿಸಸ್‌ನಲ್ಲಿ ಹೂಗೊಂಚಲಿನ ತೊಟ್ಟಿನಿಂದಲೇ ಒಂದು ಕುಡಿ ಹೊರಟಿರುತ್ತದೆ. ಹೂವು ತೀರಾ ಸಣ್ಣದು, ಇಟ್ಟಿಗೆ ಕೆಂಪು ಅಥವಾ ಕಂದುಗೆಂಪು.

ಮೂರನೆಯದು ಎಲೆ. ಒಂದೇ ಅಖಂಡ ಎಲೆ, ಬುಡದಲ್ಲಿ ಹೃದಯದ ಆಕಾರ, ಅಂಚು ಗರಗಸದ ಹಾಗೆ. ಕೆಲವದರಲ್ಲಿ ಮೂರರಿಂದ ಏಳು ಮೂಲೆ ಕಾಣುತ್ತವೆ. ಒಂದು ತೊಟ್ಟಿನಲ್ಲಿ ಮೂರು, ಐದು ಅಥವಾ ಇನ್ನೂ ಜಾಸ್ತಿ ಬಿಡಿ ಎಲೆಗಳಿದ್ದರೆ ಅದು ದ್ರಾಕ್ಷಿ ಕುಟುಂಬದ್ದೇ ಬೇರೆ ಬಳ್ಳಿ ಇರಬಹುದು. ಅದರ ಹಣ್ಣು ತಿನ್ನಲು ಹೋಗಬೇಡಿ, ತುರಿಕೆ ಇನ್ನೂ ಜೋರು.

ನಾಲ್ಕನೆಯದು ಬೀಜ. ಹಣ್ಣು ಹಿಚುಕಿ ಬೀಜ ತೊಳೆದು ಅಂಗೈಯಲ್ಲಿಟ್ಟು ನೋಡಿ. ಒಂದು ಮೈಯಲ್ಲಿ ಉದ್ದಕ್ಕೆ ಎರಡು ಗೀರು, ಇನ್ನೊಂದು ಮೈಯಲ್ಲಿ ಒಂದು ಮಚ್ಚೆಯಂಥ ಗುರುತು ಇದ್ದರೆ ದ್ರಾಕ್ಷಿ ಕುಟುಂಬ. ಒಂದು ಹಣ್ಣಿನಲ್ಲಿ ಒಂದರಿಂದ ನಾಲ್ಕು ಬೀಜ ಇರಬಹುದು.

ಈಗ ಎಚ್ಚರಿಕೆಯ ಮಾತು. ನಮ್ಮ ಘಟ್ಟದ ಕಾಡುಗಳಲ್ಲಿ ಕಾಕಮಾರಿ ಬಳ್ಳಿ ಇದೆ. ಅದಕ್ಕೂ ಹೃದಯದಾಕಾರದ ಎಲೆ, ಅದಕ್ಕೂ ಇಳಿಬಿದ್ದ ಗೊಂಚಲು, ಹಣ್ಣಾದರೆ ಕಪ್ಪುನೇರಳೆ ಬಣ್ಣ. ಹಿಂದೆ ಅದರ ಬೀಜ ಅರೆದು ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದರು, ಅಷ್ಟು ವಿಷ. ಅದರಲ್ಲಿರುವ ಪಿಕ್ರೊಟಾಕ್ಸಿನ್ ಹೊಟ್ಟೆಗೆ ಹೋದರೆ ವಾಂತಿ, ತಲೆಸುತ್ತು, ಆಮೇಲೆ ಫಿಟ್ಸ್. ಬೇರ್ಪಡಿಸುವುದು ಸುಲಭ: ಕಾಕಮಾರಿಗೆ ಕುಡಿಬಳ್ಳಿಯೇ ಇಲ್ಲ, ಕಾಂಡವೇ ಮರಕ್ಕೆ ಸುತ್ತಿಕೊಂಡು ಹತ್ತುತ್ತದೆ. ಹಣ್ಣಿನೊಳಗೆ ಬಾಗಿದ ಒಂದೇ ಓಟೆ ಇರುತ್ತದೆ. ಕುಡಿ ಇಲ್ಲದ ಬಳ್ಳಿಯ ಹಣ್ಣು ಎಷ್ಟೇ ದ್ರಾಕ್ಷಿಯ ಹಾಗೆ ಕಂಡರೂ ಮುಟ್ಟಬೇಡಿ.

ಬೇಲಿಯಲ್ಲಿ ಸಿಗುವ ಶಿವಲಿಂಗ ಬಳ್ಳಿಯೂ ಮಕ್ಕಳನ್ನು ಮೋಸ ಮಾಡುತ್ತದೆ. ಅದಕ್ಕೆ ಕುಡಿ ಇದೆ, ಎಲೆಯೂ ಸೀಳು ಸೀಳು. ಆದರೆ ಹಣ್ಣು ಕೆಂಪು, ಮೇಲೆ ಬಿಳಿ ಪಟ್ಟೆ. ಅದೂ ವಿಷ.

ರುಚಿ ನೋಡಿ ಗುರುತು ಹಿಡಿಯುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ. ಮೇಲಿನ ನಾಲ್ಕೂ ಗುರುತು ಒಂದೇ ಬಳ್ಳಿಯಲ್ಲಿ ಸಿಗುವವರೆಗೆ ನಾಲಿಗೆಗೆ ಕೆಲಸ ಇಲ್ಲ. ಆಮೇಲೂ ಸಂಶಯ ಇದ್ದರೆ ಹೂ, ಹಣ್ಣು, ಎಲೆ ಮೂರೂ ಇರುವ ತುಂಡೊಂದನ್ನು ಪೊನ್ನಂಪೇಟೆಯ ಅರಣ್ಯ ಕಾಲೇಜಿನಲ್ಲೋ ಹತ್ತಿರದ ಸಸ್ಯಶಾಸ್ತ್ರ ಮೇಷ್ಟ್ರಿಗೋ ತೋರಿಸಿ.

ಹಂತ 2: ಎಲ್ಲಿಂದ ತರಬೇಕು, ಎಲ್ಲಿಂದ ತರಬಾರದು

ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗಿಂದ ಒಂದು ಕಡ್ಡಿಯನ್ನೂ ತರುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂದರೆ ಬರೀ ಪ್ರಾಣಿಗಳಿಗಲ್ಲ. ಮೀಸಲು ಅರಣ್ಯದಲ್ಲೂ ಅನುಮತಿ ಬೇಕು. ದೇವರಕಾಡಿನ ವಿಷಯ ನಾನು ಹೇಳಬೇಕಾಗಿಲ್ಲ, ಅಲ್ಲಿ ಒಣ ಕಡ್ಡಿಯನ್ನೂ ಮುರಿಯದ ಊರುಗಳಿವೆ.

ಒಳ್ಳೆಯ ಜಾಗ ನಿಮ್ಮದೇ ತೋಟದ ಬೇಲಿ, ಬಾಣೆ (ಗದ್ದೆಗೆ ಸೇರಿದ ಗುಡ್ಡದ) ಜಾಗ, ಇಲ್ಲವಾದರೆ ನೆಂಟರ ತೋಟ. ಬಳ್ಳಿ ಈಗಾಗಲೇ ನಿಮ್ಮ ಬೇಲಿಯಲ್ಲೇ ಇದೆಯಾ? ಹಾಗಾದರೆ ಕಿತ್ತು ಬೇರೆ ಕಡೆ ನೆಡಬೇಡಿ. ಅದು ಇದ್ದಲ್ಲೇ ಸಾಕುವುದು ಎಲ್ಲಕ್ಕಿಂತ ಸುಲಭ. ನೇರ ಹಂತ 4ರ ಚಪ್ಪರದ ಭಾಗಕ್ಕೆ ಹೋಗಿ.

ಇನ್ನೊಂದು ಮಾತು. ಕಾಡುದ್ರಾಕ್ಷಿಗಳಲ್ಲಿ ಕೆಲವು ಬಳ್ಳಿಗಳು ಗಂಡು ಹೂವನ್ನಷ್ಟೇ ಬಿಡುವುದುಂಟು. ವರ್ಷಗಟ್ಟಲೆ ಸಾಕಿದರೂ ಒಂದು ಕಾಯಿ ಸಿಗುವುದಿಲ್ಲ. ಹಾಗಾಗಿ ಹಣ್ಣು ಕಣ್ಣಾರೆ ಕಂಡ ಬಳ್ಳಿಯಿಂದಲೇ ಬೀಜ ಅಥವಾ ಕಡ್ಡಿ ತನ್ನಿ, ಮತ್ತು ಒಂದೇ ಗಿಡ ನೆಡದೆ ಎರಡು ಮೂರು ನೆಡಿ.

ಹಂತ 3: ಸಸಿ ಮಾಡುವುದು

ಬೇಕಾದ್ದು: ಕಾಫಿ ನರ್ಸರಿಯ ಪಾಲಿಥಿನ್ ಚೀಲ, ಕಾಡುಮಣ್ಣು, ಮರಳು, ಚೆನ್ನಾಗಿ ಕಳಿತ ಗೊಬ್ಬರ, ಹರಿತ ಕತ್ತರಿ, ಹೆಸರು ಬರೆಯಲು ಮಾರ್ಕರ್.

ಟೊಳ್ಳು ಕಾಂಡದ ಬಗೆಗೆ ಬೀಜವೇ ದಾರಿ. ಕಡ್ಡಿ ಕೊಳೆಯುವ ದೂರು ಬರುವುದೆಲ್ಲ ಇಲ್ಲಿಂದ. ಜುಲೈ ಮಳೆಯಲ್ಲಿ ಟೊಳ್ಳು ಕಾಂಡ ಕತ್ತರಿಸಿ ನೆಟ್ಟರೆ ಒಳಗೆ ನೀರು ನಿಂತು ಬೇರು ಬಿಡುವ ಮೊದಲೇ ಕಪ್ಪಾಗುತ್ತದೆ. ಪೂರ್ತಿ ಕಳಿತ ಹಣ್ಣಿನ ಬೀಜ ತೆಗೆದು, ತಿರುಳು ಒಂದಿಷ್ಟೂ ಉಳಿಯದ ಹಾಗೆ ಗ್ಲೌಸ್ ಹಾಕಿಕೊಂಡು ಉಜ್ಜಿ ತೊಳೆಯಿರಿ. ತಿರುಳು ಉಳಿದರೆ ಬೂಸ್ಟು ಬರುತ್ತದೆ. ನೆರಳಲ್ಲಿ ಒಂದೆರಡು ದಿನ ಆರಿಸಿ ಕೂಡಲೇ ಬಿತ್ತಿ. ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ನೋಡೋಣ ಅಂದರೆ ಮೊಳೆಯುವ ಶಕ್ತಿ ಕುಗ್ಗುತ್ತದೆ. ಅರ್ಧ ಇಂಚು ಆಳ ಸಾಕು. ಎಲ್ಲ ಬೀಜ ಒಟ್ಟಿಗೆ ಮೊಳೆಯುವುದಿಲ್ಲ. ಕೆಲವು ಮುಂದಿನ ಮುಂಗಾರಿನವರೆಗೂ ಸುಮ್ನೆ ಇರುತ್ತವೆ, ಚೀಲದ ಮಣ್ಣು ಕೆದಕಿ ನೋಡಬೇಡಿ.

ಗಟ್ಟಿ ಕಾಂಡದ ಬಗೆಯಾದರೆ ಕಡ್ಡಿ ನೆಡಬಹುದು. ಪೆನ್ಸಿಲ್ ದಪ್ಪದ, ಹಿಂದಿನ ವರ್ಷ ಬಲಿತ ಕಾಂಡ, ಮೂರು ನಾಲ್ಕು ಗಿಣ್ಣು ಇರಲಿ. ಮಾರ್ಚ್ ಕೊನೆ, ಏಪ್ರಿಲ್‌ನ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ಸಮಯ ಒಳ್ಳೆಯದು. ಕೆಳಗಿನ ತುದಿ ನೇರವಾಗಿ, ಮೇಲಿನ ತುದಿ ಓರೆಯಾಗಿ ಕತ್ತರಿಸಿ. ಚಂದಕ್ಕಲ್ಲ, ತಲೆಕೆಳಗೆ ನೆಡಬಾರದು ಅಂತ. ತಲೆಕೆಳಗಾದ ಕಡ್ಡಿ ಚಿಗುರುವುದಿಲ್ಲ, ಇದು ನಾವು ಅಂದುಕೊಳ್ಳುವುದಕ್ಕಿಂತ ಜಾಸ್ತಿ ನಡೆಯುವ ತಪ್ಪು. ಎರಡು ಗಿಣ್ಣು ಮಣ್ಣೊಳಗೆ, ಒಂದೆರಡು ಹೊರಗೆ. ನೆರಳುಬಲೆಯ ಕೆಳಗಿಡಿ, ಮಳೆ ನೇರ ಹೊಡೆಯಬಾರದು.

ಎಲೆ ಬಂದ ತಕ್ಷಣ ಬೇರು ಬಂದಿದೆ ಅಂತ ಖುಷಿಪಡಬೇಡಿ. ಕಡ್ಡಿಯಲ್ಲಿ ಉಳಿದಿರುವ ಸತ್ವದಿಂದಲೇ ಮೊದಲ ಎಲೆಗಳು ಬರುತ್ತವೆ. ಚೀಲದ ತಳದ ತೂತಿನಿಂದ ಬಿಳಿ ಬೇರು ಇಣುಕಿದ ಮೇಲೆಯೇ ನೆಡಲು ತಯಾರು.

ಹಂತ 4: ಜಾಗ, ಗುಂಡಿ, ಚಪ್ಪರ

ಕಾಡಿನಲ್ಲಿ ಬಳ್ಳಿಯ ಬುಡ ನೆರಳಲ್ಲಿರುತ್ತದೆ, ತಲೆ ಬಿಸಿಲಲ್ಲಿರುತ್ತದೆ. ನಮಗೂ ಅದೇ ಬೇಕು. ದಟ್ಟ ಕಾಫಿ ನೆರಳಲ್ಲಿ ನೆಟ್ಟರೆ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ. ಕಣದ ಅಂಚು, ಮನೆಯ ಪೂರ್ವ ಅಥವಾ ದಕ್ಷಿಣದ ಬದಿ, ಗದ್ದೆ ಕಡೆ ಮುಖ ಮಾಡಿದ ಬೇಲಿ ನೋಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಸಿಗಬೇಕು. ಮಳೆಗಾಲದಲ್ಲಿ ಬಿಸಿಲು ಎಲ್ಲಿ ಅಂತೀರಾ? ಮೋಡ ಸರಿದಾಗ ಎಲ್ಲಿ ಮೊದಲು ಬೆಳಕು ಬೀಳುತ್ತದೋ ಅಲ್ಲಿ.

ಎರಡನೇ ಸಂಗತಿ ನೀರು. ಮಡಿಕೇರಿ ಕಡೆ ವರ್ಷದ ಮಳೆ 3000 ಮಿ.ಮೀ. ದಾಟುತ್ತದೆ, ಕುಶಾಲನಗರದ ಕಡೆ ಇಳಿದರೆ ಅದರ ಅರ್ಧವೂ ಇಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಗುಂಡಿ ಲೆಕ್ಕ ಆಗುವುದಿಲ್ಲ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆಯವರು ಗುಂಡಿಗಿಂತ ದಿಬ್ಬಕ್ಕೆ ಮಹತ್ವ ಕೊಡಿ: ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರ, ಸುತ್ತ ನೀರು ಹರಿದು ಹೋಗಲು ಚರಂಡಿ. ಗೆಡ್ಡೆಬೇರು ನೀರಲ್ಲಿ ನಿಂತರೆ ಒಂದೇ ಮಳೆಗಾಲದಲ್ಲಿ ಕೊಳೆಯುತ್ತದೆ. ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಕಡೆಯವರಿಗೆ ಎರಡಡಿ ಅಗಲ, ಎರಡಡಿ ಆಳದ ಗುಂಡಿ, ಮೇಲೆ ಸಣ್ಣ ಏರಿ ಸಾಕು.

ಗುಂಡಿಯನ್ನು ಏಪ್ರಿಲ್‌ನಲ್ಲೇ ತೆಗೆದು ಬಿಸಿಲಿಗೆ ಬಿಡಿ. ಮೇಲ್ಮಣ್ಣು, ಕಳಿತ ಸಗಣಿ ಗೊಬ್ಬರ, ಸ್ವಲ್ಪ ಮರಳು ಸೇರಿಸಿ ತುಂಬಿ. ನಮ್ಮ ಮಣ್ಣು ಹುಳಿ ಜಾಸ್ತಿ, ಕಾಫಿಗೆ ಸುಣ್ಣ ಹಾಕುವಾಗ ಇದಕ್ಕೂ ಒಂದೆರಡು ಹಿಡಿ ಕೃಷಿ ಸುಣ್ಣ ಬೆರೆಸಿ. ಸುಣ್ಣ ಮತ್ತು ಗೊಬ್ಬರ ಒಂದೇ ದಿನ ಬೇಡ, ಎರಡು ಮೂರು ವಾರ ಅಂತರ ಇರಲಿ. ನೆಡುವುದು ಮೇ ಕೊನೆ ಅಥವಾ ಜೂನ್ ಮೊದಲ ಮಳೆಗೆ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಜಡಿಮಳೆಯಲ್ಲಿ ನೆಟ್ಟರೆ ಎಳೆ ಬೇರು ತಡೆಯುವುದಿಲ್ಲ.

ಚಪ್ಪರವನ್ನು ನೆಡುವ ದಿನವೇ ಹಾಕಿ. ಆಮೇಲೆ ಹಾಕಿದರಾಯ್ತು ಅಂತ ಬಿಟ್ಟವರ ಬಳ್ಳಿ ಎರಡು ವಾರದಲ್ಲಿ ಕಾಫಿ ಗಿಡದ ಮೇಲಿರುತ್ತದೆ. ಆರೂವರೆ ಅಡಿ ಎತ್ತರ ಸಾಕು, ನಿಂತು ಗೊಂಚಲು ಕೊಯ್ಯುವ ಹಾಗಿರಬೇಕು. ಕಲ್ಲುಕಂಬ ಅಥವಾ ಅಡಿಕೆ ಮರದ ಕಂಬ, ಮೇಲೆ ಜಿಐ ತಂತಿ. ಬಿದಿರಾದರೆ ಎರಡು ವರ್ಷಕ್ಕೆ ಬದಲಿಸಬೇಕಾಗುತ್ತದೆ. ಹಾಲುವಾಣದ ಜೀವಂತ ಕಂಬವೂ ಆಗುತ್ತದೆ, ಆದರೆ ಮಳೆಗೆ ಮುಂಚೆ ಅದರ ಕೊಂಬೆ ಸವರಲೇಬೇಕು. ಮೆಣಸು ಬಳ್ಳಿ ಹತ್ತಿಸಿದ ಮರಕ್ಕೆ ಮಾತ್ರ ಬಿಡಬೇಡಿ. ಇದರ ಅಗಲ ಎಲೆ ಮೆಣಸನ್ನು ಮುಚ್ಚಿಬಿಡುತ್ತದೆ, ವರ್ಷದ ಆದಾಯ ಹೋಗುತ್ತದೆ.

ಹಂತ 5: ಮಳೆಗಾಲದ ಆರೈಕೆ

ಸಾಕಿದ ಬಳ್ಳಿ ಸಾಯುವುದು ರೋಗದಿಂದಲ್ಲ, ವೀಡ್ ಕಟರ್‌ನಿಂದ. ಜೂನ್, ಜುಲೈನಲ್ಲಿ ಕಳೆ ಹೊಡೆಯುವಾಗ ಈ ಬಳ್ಳಿಯ ಕೆಂಚು ಚಿಗುರು ಕಳೆಯ ಹಾಗೇ ಕಾಣುತ್ತದೆ. ಬುಡದ ಸುತ್ತ ನಾಲ್ಕು ಬಿದಿರ ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿ, ಕೆಲಸದವರಿಗೆ ಕರೆದು ತೋರಿಸಿ. ಕಳೆನಾಶಕ ಹೊಡೆಯುವ ತೋಟವಾದರೆ ಬುಡದಿಂದ ಮೂರಡಿ ಸುತ್ತ ಕೈಯಲ್ಲೇ ಕಳೆ ತೆಗೆಸಿ.

ಮೊದಲ ವರ್ಷ ಗಟ್ಟಿಮುಟ್ಟಾದ ಎರಡು ಚಿಗುರು ಉಳಿಸಿ, ಮಿಕ್ಕಿದ್ದನ್ನು ಚಿವುಟಿ. ಅವು ಚಪ್ಪರ ಮುಟ್ಟಿದ ಮೇಲೆ ತುದಿ ಚಿವುಟಿದರೆ ಅಡ್ಡ ಕವಲು ಒಡೆಯುತ್ತವೆ. ಬೀಜದ ಗಿಡ ಮೊದಲ ಎರಡು ವರ್ಷ ಹಣ್ಣು ಬಿಡದಿದ್ದರೆ ಗಾಬರಿ ಬೇಡ, ಅದು ಕೆಳಗೆ ಬೇರು ಕಟ್ಟುತ್ತಿರುತ್ತದೆ.

ರೋಗದಲ್ಲಿ ನೋಡಬೇಕಾದ್ದು ಎರಡು. ಎಲೆಯ ಮೇಲೆ ಎಣ್ಣೆ ಚೆಲ್ಲಿದಂಥ ಹಳದಿ ಮಚ್ಚೆ ಇದ್ದು ಅಡಿಯಲ್ಲಿ ಬಿಳಿ ಬೂಸ್ಟು ಕಂಡರೆ ಅದು ಕೇದಗೆ ರೋಗ. ಎಲೆ, ಕಾಯಿ ಮೇಲೆ ಬೂದಿ ಎರಚಿದಂತಿದ್ದರೆ ಬೂದಿ ರೋಗ. ಕೇದಗೆಗೆ ಮೆಣಸಿಗೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣವೇ ಸಾಕು: 100 ಗ್ರಾಂ ಮೈಲುತುತ್ತ 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾ ಕಲಕಿ. ಆಮೇಲೆ ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಪೊರೆ ಕೂತಿದ್ದರೆ ಸುಣ್ಣ ಸಾಲದು ಅಂತ ಅರ್ಥ, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ನೀರು ಹಾಕಿ ಮತ್ತೆ ಅದ್ದಿ ನೋಡಿ. ಮಾಡಿದ ದಿನವೇ ಹೊಡೆದು ಮುಗಿಸಿ. ಕಾಯಿ ಬಣ್ಣ ತಿರುಗಲು ಶುರುವಾದ ಮೇಲೆ ಯಾವ ಔಷಧಿಯೂ ಬೇಡ.

ಶನಿವಾರಸಂತೆ ಕಡೆಯವರಿಗೆ ಆಫ್ರಿಕನ್ ಬಸವನಹುಳು ಕಾಟ ಗೊತ್ತೇ ಇದೆ. ಸಂಜೆ ಟಾರ್ಚ್ ಹಿಡಿದು ಗ್ಲೌಸ್ ಹಾಕಿ ಆರಿಸಿ. ಬುಡಕ್ಕೆ ಉಪ್ಪು ಸುರಿಯಬೇಡಿ, ಹುಳುವಿನ ಜೊತೆ ಗಿಡವೂ ಹೋಗುತ್ತದೆ.

ಹಂತ 6: ಬಳ್ಳಿ ಮಲಗಿದಾಗ

ನವೆಂಬರ್ ಆಚೆ ಎಲೆ ಹಳದಿಯಾಗುತ್ತದೆ, ಉದುರುತ್ತದೆ. ಟೊಳ್ಳು ಕಾಂಡದ ಬಗೆಯಲ್ಲಿ ಮೇಲಿನ ಬಳ್ಳಿ ಪೂರ್ತಿ ಒಣಗುತ್ತದೆ. ಸತ್ತಿಲ್ಲ. ಜೀವ ಗೆಡ್ಡೆಯಲ್ಲಿದೆ. ಅಗೆಯಬೇಡಿ, ನೀರು ಹೊಯ್ಯಬೇಡಿ, ಬೆಂಕಿ ಹಾಕಬೇಡಿ. ಜನವರಿಯಲ್ಲಿ ಒಣ ಬಳ್ಳಿಯನ್ನು ನೆಲದಿಂದ ಒಂದಡಿ ಮೇಲೆ ಕತ್ತರಿಸಿ, ಬುಡಕ್ಕೆ ದರಗು ಮುಚ್ಚಿ.

ಗಟ್ಟಿ ಕಾಂಡದ ಬಗೆಗೆ ಬೇರೆ ಲೆಕ್ಕ. ಮುಖ್ಯ ಕಾಂಡ ಹಾಗೇ ಬಿಟ್ಟು ಅಡ್ಡ ಕವಲುಗಳನ್ನು ಎರಡು ಮೂರು ಕಣ್ಣಿಗೆ ಸವರಿ. ತಡವಾಗಿ, ಅಂದರೆ ಮೊಗ್ಗು ಉಬ್ಬುವಾಗ ಸವರಿದರೆ ಗಾಯದಿಂದ ನೀರು ತೊಟ್ಟಿಕ್ಕುತ್ತದೆ. ದ್ರಾಕ್ಷಿ ಕುಟುಂಬದಲ್ಲಿ ಅದು ಸಹಜ, ತಾನೇ ನಿಲ್ಲುತ್ತದೆ.

ಹಂತ 7: ಕೊಯ್ಲು

ಸಾಮಾನ್ಯವಾಗಿ ಆಗಸ್ಟ್‌ನಿಂದ ಅಕ್ಟೋಬರ್, ಅಂದರೆ ಕೊಡವರ ಕೈಲ್‌ಪೊಳ್ದ್ ಹಬ್ಬದ ಆಸುಪಾಸಿನಿಂದ ತುಲಾ ಸಂಕ್ರಮಣದವರೆಗೆ ಕಣ್ಣಿಟ್ಟಿರಿ. ಬಣ್ಣ ಬಂದ ತಕ್ಷಣ ಕೊಯ್ಯುವುದು ದೊಡ್ಡ ತಪ್ಪು. ಹಣ್ಣು ಪೂರ್ತಿ ಕಪ್ಪಾಗಬೇಕು, ಒತ್ತಿದರೆ ಮೆತ್ತಗಿರಬೇಕು, ಮುಟ್ಟಿದರೆ ತೊಟ್ಟಿನಿಂದ ಬಿಡಬೇಕು, ಒಳಗಿನ ಬೀಜ ಕಂದು ಆಗಿರಬೇಕು. ಬೀಜ ಇನ್ನೂ ಹಸಿರು ಇದ್ದರೆ ಹಣ್ಣು ಕಾಯಿಯೇ. ದ್ರಾಕ್ಷಿ ಕೊಯ್ದ ಮೇಲೆ ಹಣ್ಣಾಗುವುದಿಲ್ಲ, ಅಕ್ಕಿ ಡಬ್ಬದಲ್ಲಿಟ್ಟರೂ ಇಲ್ಲ.

ಗೊಂಚಲು ಬಣ್ಣ ತಿರುಗುವಾಗಲೇ ತೆಳು ಬಟ್ಟೆ ಚೀಲ ಕಟ್ಟಿ. ಹಕ್ಕಿ, ಬಾವಲಿ, ಪುನುಗು ಎಲ್ಲಕ್ಕೂ ಇದು ಇಷ್ಟ. ಹಲ್ಲಿನ ಗುರುತು, ಕಚ್ಚಿದ ಗಾಯ ಇರುವ ಹಣ್ಣು ಒಂದನ್ನೂ ಬುಟ್ಟಿಗೆ ಹಾಕಬೇಡಿ. ನಿಫಾ ವೈರಸ್ ಹಣ್ಣು ತಿನ್ನುವ ಬಾವಲಿಗಳಲ್ಲಿರುತ್ತದೆ, 2018ರಲ್ಲಿ ಪಕ್ಕದ ಕೇರಳದ ಕೋಯಿಕ್ಕೋಡ್‌ನಲ್ಲಿ ಅದರಿಂದ ಜನ ಸತ್ತಿದ್ದು ನೆನಪಿದೆ ಅಲ್ವಾ. ನೆಲಕ್ಕೆ ಬಿದ್ದದ್ದೂ ಬೇಡ. ಬಿದ್ದ ಹಣ್ಣು ಗುಡಿಸಿ ತೆಗೆಯಿರಿ, ದ್ರಾಕ್ಷಿ ನಾಯಿಗಳ ಮೂತ್ರಪಿಂಡ ಕೆಡಿಸುತ್ತದೆ, ಕಾಡುದ್ರಾಕ್ಷಿಯ ಹತ್ತಿರವೂ ಅವನ್ನು ಬಿಡದಿರುವುದೇ ಒಳ್ಳೆಯದು.

ಹಂತ 8: ಮೊದಲ ರುಚಿ

ಕೆಸುವಿನ ತುರಿಕೆ ಗೊತ್ತಿದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ಎರಡರಲ್ಲೂ ಇರುವುದು ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳು. ಅಗಿದಾಗ ನಾಲಿಗೆ, ಗಂಟಲಿಗೆ ಚುಚ್ಚುತ್ತವೆ. ಕಾಯಿಯಲ್ಲಿ ಉಪದ್ರ ಜಾಸ್ತಿ.

ಮೊದಲ ಸಲ ಒಂದೇ ಹಣ್ಣು. ಸಿಪ್ಪೆ ಬಿಡಿಸಿ, ರಸ ಮಾತ್ರ ನಾಲಿಗೆಗೆ ಹಿಂಡಿಕೊಳ್ಳಿ, ಸಿಪ್ಪೆ, ಬೀಜ ಅಗಿಯಬೇಡಿ. ಅರ್ಧ ಗಂಟೆ ಕಾಯಿರಿ. ತುರಿಕೆಯಾದರೆ ಬಾಯಿ ಮುಕ್ಕಳಿಸಿ ತಣ್ಣನೆಯ ಹಾಲು ಅಥವಾ ಮೊಸರು ತಗೊಳ್ಳಿ, ಹಸಿ ಹಣ್ಣು ನಿಮಗೆ ಆಗದು ಅಂತ ಬಿಟ್ಟುಬಿಡಿ. ತುಟಿ, ನಾಲಿಗೆ ಊದಿದರೆ, ಉಸಿರಾಟ ಕಷ್ಟವಾದರೆ, ವಾಂತಿ, ತಲೆಸುತ್ತು, ನಡುಕ ಬಂದರೆ ಮನೆಮದ್ದು ಬೇಡ. ವಾಂತಿ ಮಾಡಿಸಲೂ ಹೋಗಬೇಡಿ. 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ, ಬಳ್ಳಿಯ ತುಂಡು ಮತ್ತು ಹಣ್ಣು ಜೊತೆಗೆ ತಗೊಂಡು ಹೋಗಿ. ಕಿಡ್ನಿ ಕಲ್ಲಿನ ತೊಂದರೆ ಇರುವವರು, ಚಿಕ್ಕ ಮಕ್ಕಳು, ಬಸುರಿಯರು ತಿನ್ನದಿರುವುದೇ ಸರಿ.

ಹಂತ 9: ರಸ, ಜೆಲ್ಲಿ, ಗೊಜ್ಜು

ನನ್ನ ಪ್ರಕಾರ ಈ ಹಣ್ಣು ಹಸಿಯಾಗಿ ತಿನ್ನಲಿಕ್ಕಲ್ಲ, ರಸ ತೆಗೆಯಲಿಕ್ಕೆ. ಮಿಕ್ಸಿ ಹತ್ತಿರ ತರಬೇಡಿ. ಬೀಜ ಒಡೆದರೆ ಕಹಿ, ಸಿಪ್ಪೆ ಅರೆದರೆ ತುರಿಕೆ.

ಒಂದು ಕೆಜಿ ಹಣ್ಣು ತೊಳೆದು, ತೊಟ್ಟು ಬಿಡಿಸಿ, ಸ್ಟೀಲ್ ಪಾತ್ರೆಗೆ ಹಾಕಿ. ಅಲ್ಯೂಮಿನಿಯಂ, ಹಿತ್ತಾಳೆ ಬೇಡ, ಹುಳಿಗೆ ಲೋಹ ಬಿಡುತ್ತದೆ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ. ಸಿಪ್ಪೆ ಒಡೆದ ಮೇಲೆ ಮರದ ಸೌಟಿನಿಂದ ಮೆಲ್ಲಗೆ ಒತ್ತಿ. ಆಮೇಲೆ ದಪ್ಪ ಮಲ್ಲು ಬಟ್ಟೆಯಲ್ಲಿ ಕಟ್ಟಿ ನೇತುಹಾಕಿ, ತಾನಾಗಿ ತೊಟ್ಟಿಕ್ಕಲಿ. ಬೇಗ ಆಗಲಿ ಅಂತ ಬಟ್ಟೆ ಹಿಂಡಿದರೆ ಹರಳು, ತಿರುಳು ಎಲ್ಲ ಕೆಳಗೆ ಬರುತ್ತದೆ. ಸೋಸಿದ ರಸವನ್ನು ಗಾಜಿನ ಜಾಡಿಯಲ್ಲಿ ಒಂದು ರಾತ್ರಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ತಳದಲ್ಲಿ ಮರಳಿನಂಥ ಗಸಿ ಕೂತಿರುತ್ತದೆ. ಅಲುಗಾಡಿಸದೆ ಮೇಲಿನ ತಿಳಿ ಬಗ್ಗಿಸಿಕೊಂಡು ಗಸಿ ಚೆಲ್ಲಿ. ಇಷ್ಟಾದರೂ ಮೊದಲು ಒಂದು ಚಮಚ ಕುಡಿದು ನೋಡಿ, ಬಿಸಿ ಮಾಡಿದ್ದರಿಂದ ಎಲ್ಲ ಹರಳು ಕರಗಿ ಹೋಗುವುದಿಲ್ಲ.

ಜೆಲ್ಲಿಗೆ ಒಂದು ಲೀಟರ್ ತಿಳಿರಸಕ್ಕೆ 750 ಗ್ರಾಂ ಸಕ್ಕರೆ, ಒಂದು ನಿಂಬೆಹಣ್ಣಿನ ರಸ. ಜೋರು ಉರಿಯಲ್ಲಿ ಕುದಿಸಿ, ತಣ್ಣನೆಯ ತಟ್ಟೆಗೆ ಒಂದು ಹನಿ ಬಿಟ್ಟು ಬೆರಳಿಂದ ತಳ್ಳಿ. ಮೇಲ್ಮೈ ಸುಕ್ಕಾದರೆ ಇಳಿಸಿ.

ಗೊಜ್ಜು ಇನ್ನೂ ಸುಲಭ, ಅಕ್ಕಿರೊಟ್ಟಿಗೂ ಕಡುಂಬುಟ್ಟಿಗೂ (ಅಕ್ಕಿತರಿಯ ಕಡುಬು) ಒಗ್ಗುತ್ತದೆ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಗಾಂಧಾರಿ ಮೆಣಸು ಒಗ್ಗರಣೆ ಮಾಡಿ, ಎರಡು ಲೋಟ ತಿಳಿರಸ, ಒಂದು ಅಚ್ಚು ಬೆಲ್ಲ, ಉಪ್ಪು ಹಾಕಿ ಅರ್ಧಕ್ಕೆ ಇಳಿಯುವವರೆಗೆ ಕುದಿಸಿ. ವೈನ್ ಮಾಡುವವರಿಗೆ ಒಂದೇ ಮಾತು: ಸಿಪ್ಪೆ ಸಮೇತ ಕೊಳೆಹಾಕಬೇಡಿ, ತಿಳಿರಸದಲ್ಲೇ ಮಾಡಿ. ಮಾರುವ ಯೋಚನೆ ಇದ್ದರೆ ಅಬಕಾರಿ ಪರವಾನಗಿ ಬೇಕೇ ಬೇಕು.

ಬಾಟಲಿಗಳನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿ ಒಣಗಿಸಿ, ಜೆಲ್ಲಿ ಬಿಸಿಯಿರುವಾಗಲೇ ತುಂಬಿ ಮುಚ್ಚಿ, ತಾರೀಖು ಬರೆಯಿರಿ. ತೆರೆದ ಮೇಲೆ ಫ್ರಿಜ್‌ನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ. ಗೊಜ್ಜು ಒಂದು ವಾರ. ಮಳೆಗಾಲದ ತೇವಕ್ಕೆ ಬೂಸ್ಟು ಬೇಗ ಹತ್ತುತ್ತದೆ. ಮೇಲೆ ಒಂದು ಚುಕ್ಕೆ ಕಂಡರೂ ಅದನ್ನಷ್ಟೇ ಕೆರೆದು ತೆಗೆಯಬೇಡಿ, ಬಾಟಲಿ ಪೂರ್ತಿ ಚೆಲ್ಲಿ.